ಪೆನಿಯಮಿನಾ ತಿದ್ದಿದ ಡಿಸ್ಕು

ಪೆನಿಯಮಿನಾನಿಗೆ ನಲವತ್ತೆಂಟು ತುಂಬಿದರೂ ಊರಿನ ಸಭೆಯಲ್ಲಿ ಕೂರುವ ಜಾಗ ಸಿಕ್ಕಿರಲಿಲ್ಲ. ಸಮೋವಾದ ಸವಾಯಿ ದ್ವೀಪದ ವಾಯಿಲೆಪಾದಲ್ಲಿ ಒಬ್ಬ ಗಂಡಸು ಮಟಾಯಿ, ಅಂದರೆ ಮನೆತನದ ಯಜಮಾನ, ಅನ್ನಿಸಿಕೊಂಡು ಕಂಬಕ್ಕೆ ಬೆನ್ನು ಕೊಟ್ಟು ಕೂರಬೇಕಾದರೆ ಅವನ ಮನೆತನದವರು ಕೂಡಿ ಒಂದು ಪಟ್ಟದ ಹೆಸರು ಕೊಡಬೇಕು. ಅವನಿಗೆ ಕೊಡಬಾರದೆಂದು ಯಾರೂ ಹೇಳಿರಲಿಲ್ಲ. ತಾಯಿಯ ಕಡೆಯವರು ನಮ್ಮ ಹೆಸರು ಕೊಡುತ್ತೇವೆ ಅಂದರು. ತಂದೆಯ ಕಡೆಯವರು ನಮ್ಮದಿರುವಾಗ ನಿಮ್ಮದೇಕೆ ಅಂದರು. ವರ್ಷಗಳಿಂದ ಎರಡೂ ಕಡೆಯವರು ಬಹಳ ಮರ್ಯಾದೆಯಿಂದ ಜಗಳವಾಡುತ್ತಿದ್ದರು. ಅದು ಮುಗಿಯುವ ತನಕ ಪೆನಿ ತನ್ನ ಅರ್ಧ ವಯಸ್ಸಿನವರ ಜೊತೆ ನಿಂತು ಉಮು ಒಲೆಗೆ ಕಲ್ಲು ಕಾಯಿಸುತ್ತಿದ್ದ, ಸಭೆಯಲ್ಲಿ ಬೇರು ಅರೆದು ಮಾಡಿದ ಆವಾ ಪಾನೀಯದ ಬಟ್ಟಲು ಹಂಚುತ್ತಿದ್ದ, ಹಿರಿಯರು ಊಟಕ್ಕೆ ಕೂತರೆ ನೊಣ ಬಾರದಂತೆ ಬೀಸಣಿಗೆ ಬೀಸುತ್ತಿದ್ದ.

ಹೆಂಡತಿ ಫಿಲೋಯಿ ಊರಿನ ಶಾಲೆಯಲ್ಲಿ ಮೇಷ್ಟ್ರು. ಅವಳು ಆಗಾಗ ಹೇಳುವುದಿತ್ತು: "ಮಟಾಯಿ ಹೆಂಡ್ತಿ ಆಗ್ತೀನಿ ಅಂತ ಬಂದೆ. ಬೀಸಣಿಗೆ ಹೆಂಡ್ತಿ ಆದೆ."

ಪೆನಿ ಕೇಳಿಸಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿದ್ದ. ಅವನ ಸ್ವಭಾವವೇ ಹಾಗೆ. ಪ್ರಾಯದಲ್ಲಿ ಆಕ್ಲೆಂಡಿಗೆ ಹೋಗಿ ಹಾಸಿಗೆ ಕಾರ್ಖಾನೆಯಲ್ಲಿ ಸ್ಪ್ರಿಂಗು ಕೂರಿಸುತ್ತಿದ್ದಾಗಲೂ, ಆ ಕಾರ್ಖಾನೆ ಮುಚ್ಚಿದಾಗಲೂ ಅವನು ಹೇಳಿದ್ದು ಒಂದೇ ಮಾತು: "ಆಗ್ಲಿ, ನೋಡೋಣ." ಕಾರ್ಖಾನೆಯವರು ಎಸೆದ ಎರಡು ಹಳೆಯ ಕಂಪ್ಯೂಟರುಗಳನ್ನು ಹೊತ್ತು ಮನೆಗೆ ತಂದು, ಕೆಲಸ ಹುಡುಕುವ ಬದಲು ಅವುಗಳಲ್ಲಿ ಲಿನಕ್ಸ್ ಹಾಕಿ ಕೂತ. ಯಾರು ಬೇಕಾದರೂ ಒಳಗಿಳಿದು ನೋಡಬಹುದಾದ, ತಿದ್ದಬಹುದಾದ, ಪಕ್ಕದ ಮನೆಯವರಿಗೆ ಸುಮ್ಮನೆ ಕೊಡಬಹುದಾದ ಆ ವ್ಯವಸ್ಥೆ ಅವನಿಗೆ ಬಹಳ ಹಿಡಿಸಿತು. ನಮ್ಮೂರಿನ ಹಾಗೇ ಇದೆ ಅನ್ನುತ್ತಿದ್ದ: ಯಾವುದೂ ಒಬ್ಬನದಲ್ಲ, ಎಲ್ಲದರ ಬಗ್ಗೆಯೂ ಎಲ್ಲರಿಗೂ ಒಂದು ಅಭಿಪ್ರಾಯ. ತಾಯಿಗೆ ಮೈ ಹುಷಾರಿಲ್ಲ ಎಂದು ಸುದ್ದಿ ಬಂದಾಗ ಊರಿಗೆ ಮರಳಿದ. ತಾಯಿ ಹುಷಾರಾದಳು. ಅವನು ಊರಲ್ಲೇ ಉಳಿದ.

ಹೀಗಿರುವಾಗ ಆಕ್ಲೆಂಡಿನಲ್ಲಿದ್ದ ನೆಂಟರು ಚರ್ಚಿನ ಕಡೆಯಿಂದ ಒಂದು ಕಂಟೇನರ್ ಕಳಿಸಿದರು. ಅದರಲ್ಲಿ ಹಾಸಿಗೆಗಳು, ಡಬ್ಬಿ ಮಾಂಸ, ಯಾರದೋ ಮದುವೆಯ ಪ್ಲಾಸ್ಟಿಕ್ ಹೂವು, ಇವುಗಳ ನಡುವೆ ಹದಿನಾಲ್ಕು ಕಂಪ್ಯೂಟರು. ಶಾಲೆಗೆ ಎಂದು ಮೇಲೆ ಬರೆದಿತ್ತು. ಕೊಟ್ಟವರು ತಮ್ಮ ಗುಟ್ಟುಗಳು ಸಮುದ್ರ ದಾಟಬಾರದೆಂದು ಎಲ್ಲದರ ಹಾರ್ಡ್ ಡಿಸ್ಕ್ ಕಿತ್ತುಕೊಂಡಿದ್ದರು. ಮೆದುಳು ತೆಗೆದು ತಲೆ ಕಳಿಸಿದ ಹಾಗಾಗಿತ್ತು.

"ಇವನ್ನೇನು ಮಾಡೋದು?" ಫಿಲೋಯಿ ಕೇಳಿದಳು. "ಕೋಳಿ ಕಾವಿಗೆ ಕೂರ್ಸೋದಾ?"

"ಡಿಸ್ಕಿಂದ ಎಬ್ಬಿಸ್ಬಹುದು," ಅಂದ ಪೆನಿ. "ಪ್ರತಿಯೊಂದಕ್ಕೂ ಒಂದೊಂದು ಸಿ.ಡಿ. ಹಾಕಿದ್ರೆ ಸಾಕು, ಅದರಲ್ಲೇ ಎಲ್ಲ ಇರುತ್ತೆ."

"ಎಲ್ಲ ಅಂದ್ರೆ? ನನ್ನ ಪಾಠ ಇರುತ್ತಾ? ನಮ್ಮ ಭಾಷೆ ಇರುತ್ತಾ?"

"ಸೇರ್ಸಿದ್ರೆ ಇರುತ್ತೆ."

"ಸರಿ, ಸೇರ್ಸು. ಇಷ್ಟು ಹೇಳೋಕೆ ಯಾಕೆ ಹಂಗೆ ಮುಖ ಮಾಡ್ಕೊಂಡಿದೀಯ?"

ಮುಖ ಹಾಗಾಗಲು ಕಾರಣವಿತ್ತು. ಡಿಸ್ಕಿನಲ್ಲಿ ಇರಬೇಕಾದ್ದನ್ನೆಲ್ಲ ಒಂದೇ ಕಡತವಾಗಿ ಕಟ್ಟಿಟ್ಟಿರುತ್ತಾರೆ. ಪೆನಿ ಅದನ್ನು ಪಡಿಯಚ್ಚು ಎನ್ನುತ್ತಿದ್ದ. ಅದನ್ನು ತೆರೆದು ನೋಡಬಹುದು, ಮುಟ್ಟುವ ಹಾಗಿಲ್ಲ. ಏನಾದರೂ ಬದಲಾಯಿಸಬೇಕಾದರೆ ಒಳಗಿರುವುದನ್ನೆಲ್ಲ ಬೇರೆ ಜಾಗಕ್ಕೆ ನಕಲು ಮಾಡಿಕೊಳ್ಳಬೇಕು. ಅದರೊಳಗೆ ಗಟ್ಟಿಯಾಗಿ ಒತ್ತಿ ಕಟ್ಟಿದ ಇನ್ನೊಂದು ಗಂಟಿರುತ್ತದೆ. ಇಡೀ ವ್ಯವಸ್ಥೆ ಇರುವುದು ಆ ಗಂಟಿನಲ್ಲಿ. ಅದನ್ನೂ ಬಿಚ್ಚಿ, ಬೇಕಾದ್ದು ಸೇರಿಸಿ, ಬೇಡದ್ದು ತೆಗೆದು, ಮತ್ತೆ ಒತ್ತಿ ಕಟ್ಟಿ, ಹೊಸ ಪಡಿಯಚ್ಚು ಮಾಡಿ, ಖಾಲಿ ಡಿಸ್ಕಿಗೆ ಇಳಿಸಬೇಕು. ಪೆನಿಯ ಹಳೆಯ ಲ್ಯಾಪ್‌ಟಾಪು ಆ ಗಂಟು ಕಟ್ಟುವಷ್ಟರಲ್ಲಿ ಅವನು ಉಮು ಹಚ್ಚಿ, ಟ್ಯಾರೋ ಗೆಡ್ಡೆ ಬೇಯಿಸಿ, ಬಡಿಸಿ, ಪಾತ್ರೆ ತೊಳೆದು ಬರಬಹುದಿತ್ತು. ಹಾಗೆಯೇ ಮಾಡುತ್ತಿದ್ದ.

ಮೊದಲ ಡಿಸ್ಕು ಏಳಲೇ ಇಲ್ಲ. ಯಂತ್ರವನ್ನು ಎಬ್ಬಿಸುವ ಚಿಕ್ಕ ತುಣುಕೊಂದನ್ನು ಪಡಿಯಚ್ಚಿನ ತಲೆಗೆ ಕೂರಿಸಲು ಅವನು ಮರೆತಿದ್ದ. ಎರಡನೆಯದು ಎದ್ದಿತು, ಆದರೆ ಅಕ್ಷರಗಳ ಬದಲು ಚೌಕಗಳನ್ನು ತೋರಿಸಿತು. ಮೂರನೆಯದು ಸರಿಹೋಯಿತು. ಅದರಲ್ಲಿ ಸಮೋವಾ ಭಾಷೆಯ ಕೀಲಿಮಣೆ ಇತ್ತು, ಪದಕೋಶ ಇತ್ತು, ಬೈಬಲ್ಲು, ಸ್ತೋತ್ರಗಳು, ಫಿಲೋಯಿಯ ಲೆಕ್ಕದ ಪಾಠಗಳು ಇದ್ದವು. ಮೊದಲ ಎರಡು ಡಿಸ್ಕುಗಳನ್ನು ಫಿಲೋಯಿ ಕೋಕೋ ಒಣಗಿಸುವ ಚಾಪೆಯ ಮೇಲೆ ದಾರ ಕಟ್ಟಿ ತೂಗುಹಾಕಿದಳು. ಕೋಳಿಗಳು ಹತ್ತಿರ ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಯಂತ್ರ ಎದ್ದಾಗ ಮೊದಲು ಕಾಣುವ ಪರದೆ ಬೋಳಾಗಿದೆ ಎಂದು ಪೆನಿಗೆ ಅನ್ನಿಸಿತು. ಊರಿನ ವಂದನೆ ಹಾಕೋಣವೆಂದುಕೊಂಡ. ವಂದನೆ ಎಂದರೆ ಊರಿನ ಮಟಾಯಿಗಳ ಹೆಸರುಗಳನ್ನು, ಬಿರುದುಗಳನ್ನು ಕ್ರಮವಾಗಿ ಹೇಳುವುದು. ಯಾವ ಸಭೆಯೂ ಅದಿಲ್ಲದೆ ಶುರುವಾಗುವುದಿಲ್ಲ.

"ಹೆಸರು ಹಾಕ್ಬೇಡ," ಅಂದಳು ಫಿಲೋಯಿ. "ಒಂದು ಮೀನಿನ ಚಿತ್ರ ಹಾಕು. ಮೀನಿಗೆ ನೆಂಟರಿಲ್ಲ."

ಪೆನಿ ಹೆಸರು ಹಾಕಿದ. ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬಂದಾಗ, ಯಾರಿಗೂ ನೋವಾಗದಿರಲಿ ಎಂದು ಅಕ್ಷರಮಾಲೆಯ ಪ್ರಕಾರ ಇಟ್ಟ. ಸಮೋವಾ ಅಕ್ಷರಮಾಲೆಯಲ್ಲಿ ಸಕಾರ ಮೊದಲು, ತಕಾರ ಆಮೇಲೆ; ಹಾಗಾಗಿ ಸೆಮಾತಾ ಮೇಲೆ ಬಂದ, ತುಲಿಫಾವು ಕೆಳಗೆ ಬಂದ.

ಇವರಿಬ್ಬರೂ ಸಭೆಗಳಲ್ಲಿ ಊರಿನ ಪರವಾಗಿ ಭಾಷಣ ಮಾಡುವ ಮಾತುಗಾರ ಮಟಾಯಿಗಳು. ತುಲಿಫಾವು ಪೆನಿಯ ತಾಯಿಯ ಕಡೆ, ಸಂಬಂಧದಲ್ಲಿ ಸೋದರಮಾವ. ಎಂಬತ್ತು ದಾಟಿದ, ತೆಳ್ಳಗಿನ, ನಿಧಾನಸ್ಥ ಮುದುಕ. ಸೆಮಾತಾ ತಂದೆಯ ಕಡೆ ದೊಡ್ಡಪ್ಪ. ದಪ್ಪಗೆ, ಎತ್ತರಕ್ಕಿದ್ದು, ಪಿಸುಗುಟ್ಟಿದರೂ ದಿಬ್ಬದಾಚೆಗೆ ಕೇಳುವ ಗಂಟಲಿನವನು. ಇಬ್ಬರೂ ಐವತ್ತು ವರ್ಷ ಒಂದೇ ಸಭೆಯಲ್ಲಿ ಎದುರುಬದುರು ಕೂತವರು.

ಕಂಪ್ಯೂಟರು ಕೋಣೆ ತೆರೆದ ದಿನ ಪಾದ್ರಿಗಳು ಪ್ರಾರ್ಥನೆ ಮಾಡಿದರು. ಹಿರಿಯರೆಲ್ಲ ಬಂದು ಪರದೆ ನೋಡಿದರು. ತುಲಿಫಾವು ಕೋಲಿಗೆ ಒರಗಿ ಮೇಲಿಂದ ಕೆಳಗಿನ ತನಕ ಓದಿದ. ಕೊನೆಯ ಹತ್ತಿರ ತನ್ನ ಹೆಸರು ಸಿಕ್ಕಿತು.

"ಚೆನ್ನಾಗಿದೆ," ಅಂದ. ಊಟಕ್ಕೆ ನಿಲ್ಲದೆ ಮನೆಗೆ ಹೋದ.

ಉಮುವಿನಿಂದ ಆಗತಾನೇ ತೆಗೆದ, ಎಲೆಯಲ್ಲಿ ತೆಂಗಿನ ಹಾಲು ತುಂಬಿ ಬೇಯಿಸಿದ ಪಲುಸಾಮಿ ಎದುರಿಗಿರುವಾಗ ತುಲಿಫಾವು ಎದ್ದು ಹೋದದ್ದನ್ನು ಆ ಊರು ಎರಡು ಸಲ ಮಾತ್ರ ನೋಡಿತ್ತು. ಮೊದಲ ಸಲ ಚಂಡಮಾರುತ ಬಂದಿತ್ತು.

ಸೋಮವಾರ ಸಭೆ ಪೆನಿಯನ್ನು ಕರೆಸಿತು. ಅವನು ಯಾವಾಗಲೂ ಬಟ್ಟಲು ಹಿಡಿದು ಓಡಾಡುವ ಜಾಗದಲ್ಲೇ ಅಂದು ತಲೆ ಬಗ್ಗಿಸಿ ಕೂತ. ತುಲಿಫಾವುವಿನ ಪರವಾಗಿ ಸಭೆಯ ಹಿರಿಯ ಕೇಳಿದ:

"ಯಾವ ಕ್ರಮದಲ್ಲಿ ಇಟ್ಟೆ?"

"ಅಕ್ಷರಮಾಲೆ ಪ್ರಕಾರ ಇಟ್ಟೆ, ಹಿರಿಯರೇ."

"ಅಕ್ಷರಮಾಲೆ ಯಾವೂರ ಮಟಾಯಿ?"

ಒಂದು ಹಂದಿ, ಎರಡು ಪೆಟ್ಟಿಗೆ ಡಬ್ಬಿ ಮೀನು ದಂಡ ಬಿತ್ತು. ತಪ್ಪನ್ನು ತಿದ್ದಬೇಕೆಂದೂ ಅಪ್ಪಣೆಯಾಯಿತು.

"ಡಿಸ್ಕಿಗೆ ಇಳಿಸಿದ್ದನ್ನ ತಿದ್ದೋಕಾಗಲ್ಲ," ಅಂದ ಪೆನಿ. "ಓದೋದಷ್ಟೇ."

"ಹಂಗಾದ್ರೆ ಅದು ಗೋರಿಕಲ್ಲು," ಅಂದ ಹಿರಿಯ. "ಗೋರಿಕಲ್ಲಲ್ಲಿ ಹೆಸರು ತಪ್ಪಾದ್ರೆ ಏನ್ ಮಾಡ್ತೀವಿ? ಹೊಸ ಕಲ್ಲು ಕೆತ್ತಿಸ್ತೀವಿ. ಹೋಗು, ಕೆತ್ತು."

ದಂಡಕ್ಕೆ ಹೋದದ್ದು ಫಿಲೋಯಿ ಸಾಕಿದ ಹಂದಿ. ಅದನ್ನು ಕಟ್ಟಿ ಒಯ್ಯುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ಇದನ್ನ ಸಾಕಿದ್ದು ಅಕ್ಷರಮಾಲೆನಾ?"

ಪೆನಿ ಪಡಿಯಚ್ಚು ಬಿಚ್ಚಿದ, ತುಲಿಫಾವುವನ್ನು ಮೇಲೆ ಕೂರಿಸಿದ, ಗಂಟು ಕಟ್ಟಿದ, ಹದಿನಾಲ್ಕು ಡಿಸ್ಕು ಇಳಿಸಿದ. ಸೆಮಾತಾನ ಕಡೆಯ ಹೆಂಗಸರು ಚರ್ಚಿನಲ್ಲಿ ಫಿಲೋಯಿಯ ಪಕ್ಕ ಕೂರುವುದನ್ನು ಬಿಟ್ಟರು. ಮತ್ತೆ ಬಿಚ್ಚಿದ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ. ಎಡ ಯಾರು, ಬಲ ಯಾರು ಎಂಬ ಮಾತೆದ್ದಿತು. ಎಲ್ಲ ಹೆಸರುಗಳನ್ನೂ ದುಂಡಗೆ, ಸಭೆಯಲ್ಲಿ ಕೂತ ಹಾಗೇ ಬರೆದ. ಕೆಳಗೆ ಬಂದ ಹೆಸರುಗಳು ತಲೆಕೆಳಗಾದವು. ಆ ಪೈಕಿ ಒಬ್ಬಾತ ಬಂದು, "ನಾನಿನ್ನೂ ಬದುಕಿದೀನಿ ಪೆನಿ," ಎಂದಷ್ಟೇ ಹೇಳಿ ಹೋದ. ಅಷ್ಟು ಹೊತ್ತಿಗೆ ಕೋಕೋ ಚಾಪೆಯ ಮೇಲೆ ತೂಗುವ ಡಿಸ್ಕುಗಳಿಗೆ ಗಾಳಿ ಬೀಸಿದರೆ ಚರ್ಚಿನ ಗಂಟೆಗಿಂತ ಜೋರಾಗಿ ಸದ್ದಾಗುತ್ತಿತ್ತು.

ಕೊನೆಗೆ ಪೆನಿ ಒಂದು ತಟ್ಟೆ ಟ್ಯಾರೋ, ಪಲುಸಾಮಿ ಹಿಡಿದು ತುಲಿಫಾವುವಿನ ಮನೆಗೆ ಹೋದ. ಮುದುಕ ಗೋಡೆಯಿಲ್ಲದ ಮನೆಯ ಅಂಚಿನಲ್ಲಿ ಕೂತು ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದ. ತಟ್ಟೆ ನೋಡಿದ. ಈ ಸಲ ಎದ್ದು ಹೋಗಲಿಲ್ಲ. ಅವನದೇ ಮನೆಯಾದ್ದರಿಂದ ಹೋಗಲು ಜಾಗವೂ ಇರಲಿಲ್ಲ.

"ಮಾವ, ನನಗೆ ದಾರಿ ತೋಚ್ತಿಲ್ಲ," ಅಂದ ಪೆನಿ. "ಹೆಂಗೆ ಬರೆದ್ರೂ ಯಾರಿಗಾದ್ರೂ ನೋವಾಗುತ್ತೆ. ತೆಗೆದೇ ಬಿಡ್ಲಾ?"

"ಈಗ ತೆಗೆದ್ರೆ ಎಲ್ಲರಿಗೂ ನೋವಾಗುತ್ತೆ." ಮುದುಕ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನೀನು ಬರೆದದ್ದೇ ತಪ್ಪು ಕಣೋ. ನಾನು ಬಾಯಲ್ಲಿ ಹೇಳ್ತೀನಲ್ಲ, ಆಗ ಏನಾಗುತ್ತೆ? ಒಂದು ಹೆಸರು ಬರುತ್ತೆ, ಹೋಗುತ್ತೆ. ಇನ್ನೊಂದು ಬರುತ್ತೆ, ಹೋಗುತ್ತೆ. ಬರೆದಿಟ್ರೆ ಎಲ್ಲರೂ ಅಲ್ಲೇ ಕೂತು ಒಬ್ಬರನ್ನೊಬ್ರು ಕೆಕ್ಕರಿಸ್ಕೊಂಡು ನೋಡ್ತಿರ್ತಾರೆ."

ಪೆನಿ ತಟ್ಟೆಯನ್ನು ಅವನ ಮುಂದಿಟ್ಟ. ಆಮೇಲೆ ಕೇಳಿದ, "ಹಂಗಾದ್ರೆ ನೀವೇ ಹೇಳ್ತೀರಾ? ಧ್ವನಿ ಹಿಡಿದು ಡಿಸ್ಕಿಗೆ ಹಾಕ್ತೀನಿ."

"ಹೇಳೋದು ನಾನೋ ಅವನೋ ಅಂತ ತೀರ್ಮಾನ ಮಾಡೋಕೆ ಸೆಮಾತಾ ಬರ್ಬೇಕು," ಅಂದ ತುಲಿಫಾವು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಸಭಿಕರ ಮುಂದೆ ಮಾತಾಡುವ ಮೊದಲು ಯಾರು ಮಾತಾಡಬೇಕೆಂಬುದನ್ನು ಮಾತುಗಾರರು ಮಾತಾಡಿಯೇ ತೀರ್ಮಾನಿಸಬೇಕು. ಅದನ್ನು ಬಿಟ್ಟರೆ ಭಾಷಣಕ್ಕೆ ಬೆಲೆಯಿಲ್ಲ. ಧ್ವನಿ ಹಿಡಿಯುವ ದಿನ ಶಾಲೆಯ ಮುಂದಿನ ಬಯಲಿನಲ್ಲಿ ಪೆನಿ ಮೈಕು ನೆಟ್ಟ. ತುಲಿಫಾವು ಎಣ್ಣೆ ಹಚ್ಚಿಕೊಂಡು, ಸಮಾರಂಭಕ್ಕೆ ಉಡುವ ಒಳ್ಳೆಯ ಚಾಪೆ ಸುತ್ತಿಕೊಂಡು, ಹೆಗಲ ಮೇಲೆ ನಾರಿನ ಚಾಮರ ಹಾಕಿಕೊಂಡು ಬಂದ. ಧ್ವನಿಯಷ್ಟೇ ಬರುತ್ತದೆ, ವೇಷ ಕಾಣುವುದಿಲ್ಲ ಎಂದು ಪೆನಿ ಹೇಳಿದ. "ನನಗೆ ಕಾಣುತ್ತಲ್ಲ," ಅಂದ ಮುದುಕ.

ಸೆಮಾತಾ ಎದುರಿಗೆ ನಿಂತ. ಈ ಮಾತಿನ ಗೌರವ ತನ್ನ ಮನೆತನದ್ದು ಎಂದು ಶುರುಮಾಡಿದ. ತುಲಿಫಾವು ಹೌದು, ನಿನ್ನದೇ, ಆದರೆ ನಿನ್ನ ಅಜ್ಜ ನನ್ನ ಅಜ್ಜನಿಗೆ ಬಿಟ್ಟುಕೊಟ್ಟ ಒಂದು ದಿನವಿದೆಯಲ್ಲ ಅಂದ. ಸೆಮಾತಾ ಆ ದಿನ ಮಳೆ ಬರುತ್ತಿತ್ತು, ಲೆಕ್ಕಕ್ಕಿಲ್ಲ ಅಂದ. ಹೀಗೆ ಅವರು ಒಬ್ಬರನ್ನೊಬ್ಬರು ಹೊಗಳುತ್ತ, ಹಿಂದೆ ತಳ್ಳುತ್ತ ಹೋದರು. ಕಡೆಗೆ ಸೆಮಾತಾ ಎರಡು ಹೆಜ್ಜೆ ಹಿಂದೆ ಸರಿದ.

"ನೀನು ಹಿರಿಯ," ಅಂದ. "ಸೂರ್ಯ ನೆತ್ತಿಗೆ ಬಂದಿದಾನೆ. ಇದೊಂದು ಸಲ ನೀನೇ ಹೇಳು."

ತುಲಿಫಾವು ಕೋಲು ಊರಿ ಊರಿನ ವಂದನೆ ಹೇಳಿದ. ಹನ್ನೊಂದು ನಿಮಿಷ. ನಡುವೆ ಒಂದು ಹುಂಜ ಕೂಗಿತು. ಮುದುಕ ಅದು ಮುಗಿಯುವ ತನಕ ಕಾದು ಮುಂದುವರಿಸಿದ. ಪೆನಿ ಯಾವಾಗ ಗುಂಡಿ ಒತ್ತಬೇಕೆಂದು ತಿಳಿಯದೆ ಮೊದಲಿನಿಂದಲೂ ಧ್ವನಿ ಹಿಡಿದಿದ್ದ, ವಾದವೂ ಸೇರಿಹೋಗಿತ್ತು. ಅದನ್ನು ಕತ್ತರಿಸಲೇ ಎಂದು ಕೇಳಿದಾಗ ಇಬ್ಬರೂ ಒಟ್ಟಿಗೆ ಬೇಡ ಅಂದರು. ಅವರು ಒಂದೇ ಮಾತನ್ನು ಒಂದೇ ಹೊತ್ತಿಗೆ ಹೇಳಿದ್ದನ್ನು ಕೇಳಿ ನೆರೆದವರು ತಿರುಗಿ ನೋಡಿದರು.

ಈಗ ಹೊಸ ತೊಡಕು. ಡಿಸ್ಕಿನಲ್ಲಿ ಜಾಗವಿರಲಿಲ್ಲ. ಪೆನಿ ಸಭೆಗೆ ಹೋಗಿ ವಿವರಿಸಿದ: ಧ್ವನಿಯನ್ನು ಹಿಂಡಿ ಚಿಕ್ಕದು ಮಾಡಬಹುದು.

"ಹಿಂಡಿದ್ರೆ ಏನು ಹೋಗುತ್ತೆ?" ತುಲಿಫಾವು ಕೇಳಿದ.

"ಮನುಷ್ಯರ ಕಿವಿಗೆ ಕೇಳ್ಸದ ಭಾಗ, ಮಾವ."

"ಯಾರ ಕಿವಿಗೆ? ನನ್ನ ಕಿವಿಗಾ, ಸೆಮಾತಾ ಕಿವಿಗಾ?"

ಹಿಂಡುವುದು ಬೇಡವೆಂದಾಯಿತು. ಹಾಗಾದರೆ ಬೇರೆ ಏನನ್ನಾದರೂ ತೆಗೆಯಬೇಕು. ಡಿಸ್ಕಿನೊಳಗಿನ ಒಂದೊಂದೇ ಸಾಮಾನಿನ ಹೆಸರನ್ನು ಪೆನಿ ಓದುತ್ತ ಹೋದ, ಸಭೆ ಒಂದೊಂದರ ಮೇಲೂ ವಿಚಾರ ನಡೆಸಿತು. ಇಸ್ಪೀಟಾಟ ಹೋಯಿತು, ಪಾದ್ರಿಗಳ ಮುಖ ನೋಡಿಯೇ ತೀರ್ಮಾನವಾಯಿತು. ಜರ್ಮನ್ ಭಾಷೆ ಹೋಯಿತು. ಹಿಂದೊಮ್ಮೆ ಇಲ್ಲಿ ಆಳುತ್ತಿದ್ದ ಅವರನ್ನು ಊರಿಂದ ಕಳಿಸಿದ್ದಾಗಿತ್ತು, ಮತ್ತೇಕೆ ಎಂದು ಯಾರೋ ಅಂದರು. ಉಳಿದ ಭಾಷೆಗಳೂ ಅದರ ಹಿಂದೆ ಹೋದವು. ಮುದ್ರಣ ಯಂತ್ರವನ್ನು ನಡೆಸುವ ಸಾಮಾನು ಹೋಯಿತು, ಮುದ್ರಣ ಯಂತ್ರವೇ ಇಲ್ಲದ್ದರಿಂದ. ಫಿಲೋಯಿಯ ಲೆಕ್ಕದ ಪಾಠಗಳ ಸರದಿ ಬಂದಾಗ ಅವಳು ಸಭೆಯ ಹೊರಗೆ ನಿಂತು ಶಾರ್ಕ್ ಮೀನಿನ ಹಾಗೆ ನೋಡುತ್ತಿದ್ದಳು. ಅವು ಉಳಿದವು.

ಪೆನಿ ಗಂಟು ಕಟ್ಟಿದ. ಜಾಗ ಸರಿಹೋಯಿತು. ಮುಂದಿನ ವಾರ ಹದಿನಾಲ್ಕೂ ಯಂತ್ರಗಳನ್ನು ಎಲ್ಲರೆದುರು ಒಟ್ಟಿಗೆ ಎಬ್ಬಿಸಿದ.

ಯಂತ್ರಗಳೆಲ್ಲ ಒಂದೇ ವೇಗದವಲ್ಲ ಎಂಬುದು ಅವನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಬಾಗಿಲ ಪಕ್ಕದ್ದು ಮೊದಲು ಬಾಯಿ ಬಿಟ್ಟಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಹದಿನಾಲ್ಕು ತುಲಿಫಾವುಗಳು ಹದಿನಾಲ್ಕು ಸೆಮಾತಾಗಳ ಜೊತೆ ವಾದಿಸಿದರು. ಹುಂಜ ಒಂದಾದ ಮೇಲೊಂದು ಹದಿನಾಲ್ಕು ಸಲ ಕೂಗಿತು. ಹೊರಗಿನ ನಿಜವಾದ ಹುಂಜಗಳು ಉತ್ತರ ಕೊಟ್ಟವು. ಪೆನಿ ಕಣ್ಣು ಮುಚ್ಚಿಕೊಂಡು ಇನ್ನೊಂದು ಹಂದಿಯನ್ನು ನೆನೆದ.

ತುಲಿಫಾವು ಕೊನೆಯ ಯಂತ್ರ ಸುಮ್ಮನಾಗುವ ತನಕ ಕೂತಿದ್ದ.

"ಐವತ್ತು ವರ್ಷದಲ್ಲಿ ನನ್ನ ಮಾತನ್ನ ಇಷ್ಟು ಜನ ಒಪ್ಪಿದ್ದು ಇದೇ ಮೊದಲು," ಅಂದ.

"ನನಗೂ ಅಷ್ಟೇ," ಅಂದ ಸೆಮಾತಾ.

ಅಂದು ಇಬ್ಬರೂ ಊಟಕ್ಕೆ ನಿಂತರು.

ಪೆನಿ ಪಡಿಯಚ್ಚನ್ನು ಮತ್ತೊಮ್ಮೆ ಬಿಚ್ಚಿ ಎರಡು ಬಗೆ ಮಾಡಿದ. ಬಾಗಿಲ ಪಕ್ಕದ ಯಂತ್ರ ಮಾತಾಡುತ್ತದೆ. ಉಳಿದವು ಬಾಯಿ ಮುಚ್ಚಿಕೊಂಡು ಕಾಯುತ್ತವೆ. ಮಕ್ಕಳು ಬೆಳಿಗ್ಗೆ ಬಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತಲೆ ಬಗ್ಗಿಸಿ, ಮಾತು ಮುಗಿದ ಮೇಲೆ ಕೀಲಿಮಣೆ ಮುಟ್ಟುತ್ತಿದ್ದರು. ಅರ್ಧ ಪಾಠದ ಹೊತ್ತು ಅದರಲ್ಲೇ ಹೋಗುತ್ತದೆಂದು ಫಿಲೋಯಿ ಗೊಣಗಿದಳು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕ ತರಗತಿಯ ಮಕ್ಕಳಿಗೂ ಊರಿನ ವಂದನೆ ಬಾಯಿಪಾಠವಾಗಿತ್ತು, ಹುಂಜ ಸಮೇತ.

ಆಮೇಲೆ ರಾಜಧಾನಿ ಆಪಿಯಾದಿಂದ ಶಾಲೆಯ ತನಿಖಾಧಿಕಾರಿ ಬಂದ. ಹೆಸರು ಲೀಗಿ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಮಧ್ಯಾಹ್ನದ ದೋಣಿಗೆ ವಾಪಸು ಹೋಗಬೇಕು, ಬೇಗ ತೋರಿಸಿ ಅಂದ. ಪೆನಿ ಯಂತ್ರ ಹಚ್ಚಿದ. ತುಲಿಫಾವುವಿನ ಧ್ವನಿ ಬಂತು. ಮಕ್ಕಳು ಕೂತರು. ಲೀಗಿ ಒಂದು ಕ್ಷಣ ನಿಂತೇ ಇದ್ದ. ಆದರೆ ಅವನೂ ಅದೇ ಮಣ್ಣಿನವನು. ವಂದನೆ ನಡೆಯುವಾಗ ನಿಂತಿರಲು ಅವನ ಮೊಣಕಾಲು ಒಪ್ಪಲಿಲ್ಲ. ಚೀಲ ಪಕ್ಕಕ್ಕಿಟ್ಟು ಕೂತ.

ಭಾಷಣ ಮುಗಿಯಿತು. ಯಾರೂ ಅಲುಗಲಿಲ್ಲ. ಎಲ್ಲರೂ ಲೀಗಿಯನ್ನೇ ನೋಡುತ್ತಿದ್ದರು.

"ಮುಗೀತಲ್ಲ?" ಅವನು ಪೆನಿಯ ಕಡೆ ಬಾಗಿ ಕೇಳಿದ.

"ಅವರದು ಮುಗೀತು, ಸ್ವಾಮಿ," ಅಂದ ಪೆನಿ.

ಬಂದ ಅತಿಥಿ ಸ್ವಾಗತಕ್ಕೆ ಉತ್ತರ ಹೇಳದೆ ಏಳುವಂತಿಲ್ಲ. ಲೀಗಿ ಗಂಟಲು ಸರಿಮಾಡಿಕೊಂಡು ಕಂಪ್ಯೂಟರಿನ ಎದುರು ಉತ್ತರದ ಭಾಷಣ ಮಾಡಿದ. ಸೆಮಾತಾ ಅದನ್ನು ಕಿಟಕಿಯಿಂದ ಕೇಳಿಸಿಕೊಂಡ. "ಕೊನೇಲಿ ಸ್ವಲ್ಪ ಆತುರ ಮಾಡಿದ," ಎಂದು ಆಮೇಲೆ ಹೇಳಿದ. "ಬಾಕಿ ಪರವಾಗಿಲ್ಲ." ಮಧ್ಯಾಹ್ನದ ದೋಣಿ ತಪ್ಪಿತು. ಲೀಗಿ ಊಟ ಮಾಡಿ, ಒಂದು ಬುಟ್ಟಿ ಟ್ಯಾರೋ ಹೊತ್ತು ಸಂಜೆ ಹೋದ. ಶಾಲೆಯ ಬಗ್ಗೆ ಅವನು ಏನು ಬರೆದನೋ ಗೊತ್ತಿಲ್ಲ. ಯಾರೂ ಬಂದು ನಿಲ್ಲಿಸಿ ಅನ್ನಲಿಲ್ಲ.

ಮರುವರ್ಷ ಚರ್ಚಿನ ಮಕ್ಕಳ ಭಾನುವಾರದ ಹಬ್ಬ ಕಳೆದ ಮೇಲೆ ತುಲಿಫಾವು ತೀರಿಕೊಂಡ. ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಚಾಪೆಗಳನ್ನು ಹಂಚಿ, ಹಂದಿಗಳನ್ನು ಹಂಚಿ, ಮಣ್ಣು ಮಾಡಿ ಬಂದ ಮೇಲೆ ಊರಿನ ಮೊದಲ ಮಾತುಗಾರನ ಜಾಗ ಸೆಮಾತಾನಿಗೆ ಬಂತು. ಅದೇ ತಿಂಗಳು ಪೆನಿಯ ತಾಯಿಯ ಕಡೆಯವರು ಜಗಳ ಕೈಬಿಟ್ಟರು. ಜಗಳವಾಡುವ ಮುಖ್ಯ ಮನುಷ್ಯನೇ ಇರಲಿಲ್ಲ. ಪೆನಿಗೆ ತಂದೆಯ ಕಡೆಯ ಒಂದು ಸಣ್ಣ ಪಟ್ಟದ ಹೆಸರು ಸಿಕ್ಕಿತು. ಕಂಬವೂ ಸಿಕ್ಕಿತು, ಬಾಗಿಲ ಹತ್ತಿರದ್ದು, ಮಳೆ ಬಂದರೆ ಬೆನ್ನು ನೆನೆಯುತ್ತಿತ್ತು. ಫಿಲೋಯಿ ಒಂದು ವಾರ ಅವನನ್ನು ಹೊಸ ಹೆಸರಿನಿಂದ ಬಹುವಚನದಲ್ಲಿ ಕರೆದು, ಆಮೇಲೆ ಸಾಕು ಎಂದು ಬಿಟ್ಟಳು.

ಸೆಮಾತಾ ಇನ್ನು ವಂದನೆಗೆ ತನ್ನ ಧ್ವನಿ ಹಾಕಲು ಹೇಳುತ್ತಾನೆಂದು ಪೆನಿಗೆ ಗೊತ್ತಿತ್ತು. ಮುದುಕನ ಧ್ವನಿ ತೆಗೆಯಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಪಡಿಯಚ್ಚನ್ನು ಬಿಚ್ಚಿ, ಬೇಕಾದಷ್ಟು ಜಾಗ ಮಾಡಿಟ್ಟುಕೊಂಡು, ಮೈಕು ಒರೆಸಿಟ್ಟು ಕಾದ. ಒಂದು ಬೆಳಿಗ್ಗೆ ಶಾಲೆ ಶುರುವಾಗುವ ಮೊದಲೇ ಸೆಮಾತಾ ಬಂದ. ಒಳ್ಳೆಯ ಚಾಪೆ ಸುತ್ತಿಕೊಂಡಿರಲಿಲ್ಲ. ಮಾಮೂಲಿ ಲಾವಲಾವಾ ಉಟ್ಟಿದ್ದ. ಬಾಗಿಲ ಪಕ್ಕದ ಯಂತ್ರದೆದುರು ಕಷ್ಟಪಟ್ಟು ಕೂತ.

"ಹಾಕು," ಅಂದ.

ಪೆನಿ ಹಾಕಿದ. ವಾದ ಶುರುವಾಯಿತು, ಅಜ್ಜಂದಿರು ಬಂದುಹೋದರು, ಮಳೆಯ ಮಾತು ಬಂತು. ಇದೊಂದು ಸಲ ನೀನೇ ಹೇಳು ಎಂದು ಅವನದೇ ಧ್ವನಿ ಹೇಳಿದಾಗ ಸೆಮಾತಾ ಪರದೆಯ ಕಡೆ ನೋಡುತ್ತ ತಲೆಯಾಡಿಸಿದ.

"ಸ್ವಲ್ಪ ಬೇಗ ಬಿಟ್ಟುಕೊಟ್ಟೆ," ಅಂದ. "ಇನ್ನೊಂದು ಮಾತಿತ್ತು ನನ್ನ ಹತ್ರ."

ಹನ್ನೊಂದು ನಿಮಿಷವೂ ಕೇಳಿದ. ಹುಂಜ ಕೂಗಿದಾಗ ಕಾದ. ಮುಗಿದ ಮೇಲೆ ಪೆನಿ ಮೈಕಿನ ಕಡೆ ಕೈ ಚಾಚಿದ.

"ಏನದು?"

"ನಿಮ್ಮ ಧ್ವನಿ ಹಿಡಿಯೋಕೆ, ದೊಡ್ಡಪ್ಪ. ಬದಲಾಯಿಸ್ಬಹುದು. ಸಂಜೆಯೊಳಗೆ ಆಗುತ್ತೆ."

"ಆಗುತ್ತೆ ಅಂತ ಗೊತ್ತು. ಊರಿಗೆಲ್ಲ ಗೊತ್ತು." ಸೆಮಾತಾ ಅವನ ಹೆಗಲು ಹಿಡಿದು ನಿಧಾನಕ್ಕೆ ಎದ್ದು ನಿಂತ. "ಅದಕ್ಕೇ ಬಂದೆ. ಅವನ ಮಾತನ್ನ ಮುಟ್ಬೇಡ."